ಪಾಪ ಅನ್ಬೇಡಿ, ಪೋಸ್ಟ್ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನ ಓದುಗರ ಪತ್ರದಲ್ಲಿ ನಮ್ಮ ಮಂಡ್ಯದವರೇ ಒಬ್ರು ಬರೆದಿದ್ರಲ್ಲ, ದೊಡ್ಡ ದೊಡ್ಡ ಕ್ಲಬ್ಬಿಗೆ ಫುಟ್ಬಾಲ್ ಆಡಿದ ಮನುಷ್ಯ ಈಗ ಹೈಸ್ಕೂಲ್ ಮಕ್ಕಳ ಹಿಂದೆ ಸೀಟಿ ಊದ್ಕೊಂಡು ಓಡಾಡ್ತಾ ಇದ್ದಾರೆ, ಎಂಥಾ ಗತಿ ಬಂತು ನೋಡಿ, ಅಯ್ಯೋ ಪಾಪ ಅಂತ. ಒಳ್ಳೇ ಮನಸ್ಸಿಂದಲೇ ಬರೆದವ್ರೆ, ಅದರಲ್ಲಿ ಡೌಟಿಲ್ಲ. ಆದ್ರೆ ಓದಿ ಸುಮ್ನಿರಕ್ಕಾಗಲಿಲ್ಲ, ಯಾಕಂದ್ರೆ ಅವರು ಹೇಳ್ತಿರೋ ಆ ಮೈದಾನದ ಗೇಟ್ ಎದುರಿಗೇ ನಂದು ಜೆರಾಕ್ಸ್ ಅಂಗಡಿ, ಆ ಕೋಚ್ ಸಾರ್‌ನ ಬೆಳಗ್ಗೆ ಸಂಜೆ ನೋಡ್ತೀನಿ, ಅವರು ಗತಿಗೆಟ್ಟು ಬಂದೋರಲ್ಲ. ಅವರ ಹೆಸರು, ಶಾಲೆ ಹೆಸರು ಎರಡೂ ಹಾಕಲ್ಲ, ಹಾಕ್ಬೇಡಿ ಅಂತ ಅವರೇ ಹೇಳವ್ರೆ. ಊರೋರಿಗೆ ಹೆಂಗಿದ್ರೂ ಗೊತ್ತಾಗುತ್ತೆ ಬಿಡಿ.

ಇವರು ಹುಟ್ಟಿದ್ದು ಬೆಂಗಳೂರಿನ ಆಸ್ಟಿನ್ ಟೌನ್ ಕಡೆ. ಆ ಏರಿಯಾ, ಹಲಸೂರು ಪಕ್ಕದ ಗೌತಮಪುರ ಇವೆಲ್ಲಾ ಫುಟ್ಬಾಲಿಗೆ ತವರುಮನೆ, ಗೌತಮಪುರದಲ್ಲಿ ಪೆಲೆ ಪ್ರತಿಮೆನೇ ನಿಲ್ಲಿಸವ್ರೆ ಜನ. ಅಲ್ಲಿ ಗಲ್ಲಿಲಿ ಆಡಿ, ಒಂದು ಡಿಪಾರ್ಟ್‌ಮೆಂಟ್ ಟೀಮಿಗೆ ಹೋಗಿ, ಗೋವಾದಲ್ಲಿ ಒಂದು ಕ್ಲಬ್ಬು, ಕೋಲ್ಕತ್ತಾದಲ್ಲಿ ಒಂದು ಕ್ಲಬ್ಬು ಅಂತ ಆಡಿ, ಮಂಡಿ ಕೈಕೊಟ್ಟು, ಆಪರೇಷನ್ ಆಗಿ, ಮತ್ತೆ ಎದ್ದು ಒಂದ್ ಸೀಸನ್ ಆಡಿ, ಅಲ್ಲಿಗೆ ಕಾಂಟ್ರ್ಯಾಕ್ಟ್ ಮುಗೀತು. ಮದುವೆ ಆಗಿರೋದು ನಮ್ಮೂರ ಹುಡುಗಿನ, ಹಾಗಾಗಿ ಮಂಡ್ಯಕ್ಕೆ ಬಂದ್ರು. ನಮ್ಮ ಬೀದಿಯೋರಿಗೆಲ್ಲಾ ಅಳಿಯಂದ್ರೇ. ಮಕ್ಕಳಿಗೆ ಮಾತ್ರ ಕೋಚ್ ಸಾರ್. ಸಿಟ್ಟು ಬಂದಾಗ ಆಸ್ಟಿನ್ ಟೌನ್ ಕನ್ನಡ ಹೊರಗೆ ಬರುತ್ತೆ, ಅರ್ಧ ತಮಿಳು ಅರ್ಧ ಇಂಗ್ಲಿಷು, ಹುಡುಗರು ಅದನ್ನೇ ಕಲ್ತು ಮನೇಲಿ ಆಡಿ ಬೈಸ್ಕೊತಾ ಅವ್ರೆ.

ಪ್ರೊಫೆಷನಲ್ ಆಟಗಾರ ಅಂದ ತಕ್ಷಣ ಜನ ಕ್ರಿಕೆಟ್ ಲೆಕ್ಕದಲ್ಲಿ ಯೋಚ್ನೆ ಮಾಡ್ತಾರೆ, ಐಪಿಎಲ್ ಥರ ಕೋಟಿ ಕೋಟಿ ಇರುತ್ತೆ, ಎಲ್ಲಾ ಕಳ್ಕೊಂಡು ಬಂದು ಇಲ್ಲಿ ಬಿದ್ದವ್ರೆ ಅಂತ. ಹಂಗೇನಿಲ್ಲ ಸ್ವಾಮಿ. ಹಿಂದೆ ಬೆಂಗಳೂರಲ್ಲಿ ಐಟಿಐ, ಎಚ್‌ಎಎಲ್ ಅಂತ ಫ್ಯಾಕ್ಟರಿ ಟೀಮುಗಳಿದ್ವು, ಕಾಲಲ್ಲಿ ಶಕ್ತಿ ಇರೋವರೆಗೂ ಆಡು, ಆಮೇಲೆ ಅದೇ ಫ್ಯಾಕ್ಟರಿಲಿ ಡ್ಯೂಟಿ ಮಾಡು, ರಿಟೈರ್ ಆದಾಗ ಪಿಎಫ್ ತಗೊಂಡು ಮನೆಗೆ ಹೋಗು. ಆಟ ಮುಗಿದ್ರೂ ಅನ್ನ ಮುಗೀತಿರಲಿಲ್ಲ. ಆ ಕಾಲ ಹೋಯ್ತು. 2014ರಲ್ಲಿ ಕ್ಲಬ್ಬುಗಳ ದೊಡ್ಡ ಲೀಗು ಐಎಸ್‌ಎಲ್ ಬಂದ ಮೇಲೆ ಮೇಲಿನ ಕೆಲವರಿಗೆ ದುಡ್ಡು ಚೆನ್ನಾಗಿ ಬಂತು, ಆದ್ರೆ ಎಲ್ಲಾ ಕಾಂಟ್ರ್ಯಾಕ್ಟ್ ಲೆಕ್ಕ, ಮೂವತ್ತು ಮೂವತ್ತೆರಡು ವರ್ಷಕ್ಕೆ ಫೋನ್ ಬರೋದು ನಿಂತೋಗುತ್ತೆ. ಅದೂ ಗ್ಯಾರಂಟಿ ಇಲ್ಲ ಅಂತ 2025ರಲ್ಲಿ ಎಲ್ಲರೂ ನೋಡಿದ್ವಿ, ಜುಲೈನಲ್ಲಿ ಸೀಸನ್ನನ್ನೇ ತಡೆಹಿಡಿದ್ರು, ಆಗಸ್ಟಲ್ಲಿ ನಮ್ಮ ಬೆಂಗಳೂರು ಎಫ್‌ಸಿನೇ ಫಸ್ಟ್ ಟೀಮ್ ಆಟಗಾರರ, ಸ್ಟಾಫ್‌ಗಳ ಸಂಬಳ ನಿಲ್ಲಿಸ್ತು. ಸುನಿಲ್ ಚೆಟ್ರಿ ಆಡೋ ಟೀಮಿನ ಕಥೆನೇ ಹಿಂಗಾದ್ರೆ ಕೆಳಗಿನ ಲೀಗಲ್ಲಿ ಬೆವರು ಹರಿಸೋ ಹುಡುಗರ ಕಥೆ ನೀವೇ ಯೋಚ್ನೆ ಮಾಡಿ.

ಅಂದ್ರೆ ಇವರು ಹೈಸ್ಕೂಲಿಗೆ ಬಂದಿದ್ದು ಕೆಳಗೆ ಇಳಿದಂಗಲ್ಲ. ಭಾರತದ ಫುಟ್ಬಾಲಿನ ಅತಿ ದೊಡ್ಡ ಕೋಚ್ ಯಾರು ಅಂತ ಯಾವ ಹಳಬರನ್ನ ಕೇಳಿದ್ರೂ ಸೈಯದ್ ಅಬ್ದುಲ್ ರಹೀಮ್ ಅಂತಾರೆ. ಆ ರಹೀಮ್ ಸಾಹೇಬ್ರು ಹೈದರಾಬಾದಲ್ಲಿ ಸ್ಕೂಲ್ ಮೇಷ್ಟ್ರು, ಅವರೂ ಮೊದಲು ಆಟಗಾರರೇ. ಅವರು ತಯಾರು ಮಾಡಿದ ಟೀಮು 1951ರ ದಿಲ್ಲಿ ಏಷ್ಯನ್ ಗೇಮ್ಸಲ್ಲಿ ಇರಾನನ್ನ 1-0 ಹೊಡೆದು ಚಿನ್ನ ತಂತು, 1956ರ ಮೆಲ್ಬರ್ನ್ ಒಲಿಂಪಿಕ್ಸಲ್ಲಿ ಆಸ್ಟ್ರೇಲಿಯಾನ ಅವರ ನೆಲದಲ್ಲೇ 4-2 ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಹೋಯ್ತು, 1962ರ ಜಕಾರ್ತ ಏಷ್ಯನ್ ಗೇಮ್ಸಲ್ಲಿ ದಕ್ಷಿಣ ಕೊರಿಯಾನ 2-1 ಸೋಲಿಸಿ ಮತ್ತೆ ಚಿನ್ನ. ಅವರು ತೀರ್ಕೊಂಡಿದ್ದು 1963ರಲ್ಲಿ, ಅವತ್ತಿಂದ ಇವತ್ತಿನವರೆಗೆ ಏಷ್ಯನ್ ಗೇಮ್ಸ್ ಫುಟ್ಬಾಲಲ್ಲಿ ನಮಗೆ ಇನ್ನೊಂದು ಚಿನ್ನ ಬಂದಿಲ್ಲ. ಮಕ್ಕಳಿಗೆ ಪಾಠ ಹೇಳಿ ರೂಢಿ ಇದ್ದ ಮನುಷ್ಯ ಅದು. ಅದಕ್ಕೇ ದೊಡ್ಡೋರಿಗೂ ಕಲಿಸಕ್ಕೆ ಬಂತು ಅನ್ನೋದು ನನ್ನ ಲೆಕ್ಕ, ಒಪ್ಪೋರು ಒಪ್ಪಿ ಬಿಡೋರು ಬಿಡಿ.

ಅಷ್ಟು ಹಿಂದೆ ಯಾಕೆ, ನಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಲಿ ದಿಲ್ಲಿಲಿ ಖೋಖೋ ವಿಶ್ವಕಪ್ ಗೆದ್ದ ಟೀಮಲ್ಲಿ ಆಡಿದ್ಲು, ಗಂಡಸರ ಟೀಮಲ್ಲಿ ನಮ್ಮ ಮಂಡ್ಯದ ಗೌತಮ್ ಇದ್ದ. ಖೋಖೋ ಆಡೋ ಮಕ್ಕಳನ್ನ ಮೊದಲು ಹಿಡಿದು ಕೂರಿಸಿ ಏಳಿಸಿ ಓಡಿಸೋದು ಊರ ಶಾಲೆ ಮೈದಾನದಲ್ಲೇ ಹೊರತು ಸ್ಟೇಡಿಯಮ್ಮಲ್ಲಲ್ಲ. ಖೋಖೋಗೆ, ಕಬಡ್ಡಿಗೆ ನಮ್ಮ ಕಡೆ ಆ ಥರ ಹಠ ಹಿಡಿದು ಕಲಿಸೋರು ಹಳ್ಳಿ ಹಳ್ಳಿಲಿ ಸಿಗ್ತಾರೆ, ಫುಟ್ಬಾಲಿಗೆ ಸಿಗಲ್ಲ. ಮೈಸೂರು ಸಂಸ್ಥಾನದ ಹೆಸರಲ್ಲಿ 1946-47ರಲ್ಲೇ ರಾಜ್ಯ ರಾಜ್ಯಗಳ ಮಧ್ಯೆ ನಡೆಯೋ ಸಂತೋಷ್ ಟ್ರೋಫಿ ಗೆದ್ದಿದ್ವಿ, 1968-69ರಲ್ಲಿ ಗೆದ್ದಿದ್ದೇ ಕೊನೆ, ಆಮೇಲೆ 54 ವರ್ಷ ಕಾದು 2023ರ ಮಾರ್ಚಲ್ಲಿ ಸೌದಿಯ ರಿಯಾದಲ್ಲಿ ಮೇಘಾಲಯನ 3-2 ಸೋಲಿಸಿ ಕಪ್ ತಂದ್ವಿ. ಖುಷಿನೇ. ಆದ್ರೆ ಹೆಸರು ಮೈಸೂರು ಇದ್ದಾಗ್ಲೂ ಆಟ ಹೆಚ್ಚಾಗಿ ಬೆಂಗಳೂರಿಂದೇ, ಕರ್ನಾಟಕ ಆದ ಮೇಲೂ ಹೆಚ್ಚಾಗಿ ಬೆಂಗಳೂರಿಂದೇ. ಮೈಸೂರು ಮಂಡ್ಯದ ಹುಡುಗರಿಗೆ ಕಾಲಿಲ್ವಾ?

ಈಗ ಇವರು ಏನು ಮಾಡ್ತಾರೆ ಅಂತ ಸ್ವಲ್ಪ ಹೇಳ್ತೀನಿ, ಸೀಟಿ ಊದೋದು ಅಂತ ಬರೆದ್ರಲ್ಲ ಅದಕ್ಕೆ.

ಎಂಟನೇ ಕ್ಲಾಸಿನ ಒಂದು ಹುಡುಗಿ, ಉದ್ದಕ್ಕಿದ್ಲು ಅಂತ ಗೋಲ್ ಕೀಪರ್ ಮಾಡಿದ್ರು. ಬಾಲ್ ಬಂದ್ರೆ ಕಣ್ಣು ಮುಚ್ಕೊಂಡು ಪಕ್ಕಕ್ಕೆ ಸರ್‍ಕೊತಿದ್ಲು. ಬೇರೆ ಯಾರಾದ್ರೂ ಆಗಿದ್ರೆ ಹೆದರ್‍ಕೋಬೇಡ ಹೆದರ್‍ಕೋಬೇಡ ಅಂತ ಕಿರುಚಿ ನಾಲ್ಕ್ ದಿನಕ್ಕೆ ಬೇರೆಯೋಳನ್ನ ನಿಲ್ಲಿಸ್ತಿದ್ರು. ಇವರು ಒಂದು ಆಟೋಲಿ ಭತ್ತದ ಹುಲ್ಲು ತರಿಸಿದ್ರು. ಗೋಲ್ ಮುಂದೆ ಮೊಣಕಾಲುದ್ದ ಹರಡಿ, ಆ ಹುಡುಗಿನ ಮಂಡಿಯೂರಿ ಕೂರಿಸಿ, ಬಾಲೇ ಇಲ್ದೆ ಬರೀ ಪಕ್ಕಕ್ಕೆ ಬೀಳೋದು ಕಲಿಸಿದ್ರು. ಕೈ ಊರ್‍ಕೊಂಡು ಬೀಳಂಗಿಲ್ಲ, ಮೊಣಕೈ ಮೇಲೆ ಬೀಳಂಗಿಲ್ಲ, ತೊಡೆ ಪಕ್ಕ, ಸೊಂಟ, ಭುಜ, ಈ ಲೆಕ್ಕದಲ್ಲಿ ನೆಲ ಮುಟ್ಬೇಕು. ಅದು ಸರಿಯಾದ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಳೋದು. ಆಮೇಲೆ ನಿಂತು. ಆಮೇಲೆ ಬಾಲ್ ಕೈಲಿ ಉರುಳಿಸಿ, ಆಮೇಲೆ ಮೆಲ್ಲಗೆ ಒದ್ದು. ಹುಲ್ಲು ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಕೊಂಡು ಬಂದ್ರು, ಒಂದಿನ ಹುಲ್ಲೇ ಇರಲಿಲ್ಲ, ಅವಳಿಗೆ ಗೊತ್ತೂ ಆಗ್ಲಿಲ್ಲ ಬರೀ ಮಣ್ಣಿನ ಮೇಲೆ ಬೀಳ್ತಾ ಇದ್ದೀನಿ ಅಂತ. ಹೆದರಿಕೆ ಬಾಲ್‌ದಲ್ಲ ಸಾರ್, ನೆಲದ್ದು, ಬೀಳಕ್ಕೆ ಬಂದ್ರೆ ಹಿಡಿಯಕ್ಕೆ ತಾನಾಗೇ ಬರುತ್ತೆ ಅಂದ್ರು ನಂಗೆ, ಅಂಗಡಿ ಮೆಟ್ಲು ಅಡ್ಡಡ್ಡ ಹತ್ತಿ ಬಂದು. ಮಂಡಿ ಆಪರೇಷನ್ ಆದ ಕಾಲು ನೇರಕ್ಕೆ ಮೆಟ್ಲು ಹತ್ತಕ್ಕೆ ಬಿಡಲ್ಲ ಅವರಿಗೆ.

ಇದನ್ನ ಸಿಲಬಸ್ ಓದಿ ಕಲಿಸಕ್ಕಾಗಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಗೋಲ್ ಮುಂದೆ ಸಾವಿರ ಸಲ ಬಿದ್ದೋರನ್ನ ಪಕ್ಕದಲ್ಲಿ ನಿಂತು ನೋಡಿರೋ ಮನುಷ್ಯನ ಕಣ್ಣು ಬೇರೆ.

ಇನ್ನೊಂದು ವಿಷ್ಯ. ಪ್ರಾಕ್ಟೀಸಿನ ಮೊದಲ ಇಪ್ಪತ್ತು ನಿಮಿಷ ಬಾಲ್ ಮುಟ್ಟಿಸಲ್ಲ ಇವರು. ಇದರ ಮೇಲೆ ತಂದೆ ತಾಯಿಗಳ ಕಂಪ್ಲೇಂಟು ಹೆಡ್‌ಮಾಸ್ಟರ್‌ವರೆಗೂ ಹೋಗಿತ್ತು, ಫುಟ್ಬಾಲ್ ಕಲಿಸಿ ಅಂತ ಕಳ್ಸಿದ್ರೆ ಬಸ್ಕಿ ಹೊಡೆಸ್ತಾ ಅವ್ರೆ ಅಂತ. ಆ ಇಪ್ಪತ್ತು ನಿಮಿಷದ ಹಾಳೆ ನನ್ನ ಅಂಗಡಿಲೇ ಜೆರಾಕ್ಸ್ ಆಗಿದ್ದು, ಹಾಗಾಗಿ ನಂಗೆ ಗೊತ್ತು. ಫಿಫಾದವರ 11 ಪ್ಲಸ್ ಅನ್ನೋ ವಾರ್ಮಪ್ ಅದು, ಮೊದಲು ನಿಧಾನಕ್ಕೆ ಓಡೋದು, ಆಮೇಲೆ ಒಂಟಿ ಕಾಲಲ್ಲಿ ನಿಲ್ಲೋದು, ಪ್ಲ್ಯಾಂಕು, ನೆಗೆದು ಮಂಡಿ ಒಳಕ್ಕೆ ಮಡಚದಂಗೆ ಇಳಿಯೋದು, ಆಮೇಲೆ ಮಂಡಿಯೂರಿ ಕೂತು ಹಿಂದೆ ಒಬ್ಬ ಹಿಮ್ಮಡಿ ಹಿಡ್ಕೊಂಡಿರ್‍ಬೇಕು, ಇವನು ಬೆನ್ನು ಬಗ್ಗಿಸದೆ ನಿಧಾನಕ್ಕೆ ಮುಂದಕ್ಕೆ ಬೀಳ್ತಾ ಹೋಗ್ಬೇಕು. ಕೊನೇದು ಮಾಡಿ ಮಾರನೇ ದಿನ ತೊಡೆ ಹಿಂದೆ ಹಿಡ್ಕೊಂಡು ಮಕ್ಕಳು ಕುಂಟ್ಕೊಂಡು ಬರ್ತಿದ್ವು. ಈ ವಾರ್ಮಪ್ಪನ್ನ ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ಒಂದು ಸೀಸನ್ ಪೂರ್ತಿ ಪರೀಕ್ಷೆ ಮಾಡಿ 2008ರಲ್ಲಿ ವರದಿ ಮಾಡಿದ್ರು, ಗಂಭೀರ ಪೆಟ್ಟುಗಳು ಹತ್ರ ಹತ್ರ ಅರ್ಧಕ್ಕೆ ಇಳಿದಿದ್ವು. ನಮ್ಮ ಅಳಿಯಂದ್ರಿಗೆ ಅದು ವರದಿ ಅಲ್ಲ, ಸ್ವಂತ ಮಂಡಿ. ನಮ್ಮ ಕಾಲದಲ್ಲಿ ಯಾರೂ ಇದನ್ನ ಹೇಳ್ಕೊಡಲಿಲ್ಲ ಅಂತ ಮಾತ್ರ ಅಂದ್ರು, ಜಾಸ್ತಿ ಮಾತಾಡಲಿಲ್ಲ.

ಹೆಡ್ಡಿಂಗೂ, ಅಂದ್ರೆ ತಲೇಲಿ ಬಾಲ್ ಹೊಡೆಯೋದೂ ಅಷ್ಟೇ. ಚಿಕ್ಕ ಮಕ್ಕಳಿಗೆ ಹೆಡ್ ಮಾಡಕ್ಕೆ ಬಿಡಲ್ಲ, ಎಂಟನೇ ಕ್ಲಾಸಿನೋರಿಗೂ ಅಂಗಡಿಲಿ ಸಿಗೋ ಹಗುರ ಪ್ಲಾಸ್ಟಿಕ್ ಬಾಲಲ್ಲಿ ಶುರು. ಅಮೆರಿಕದಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡ್ಡಿಂಗೇ ಬೇಡ ಅಂತ 2015ರಲ್ಲೇ ತೀರ್ಮಾನ ಮಾಡಿದ್ರು, ಇಂಗ್ಲೆಂಡಲ್ಲಿ 2020ರಲ್ಲಿ ಪ್ರೈಮರಿ ಮಕ್ಕಳ ಟ್ರೈನಿಂಗಿಂದ ತೆಗೆದ್ರು. ನಮ್ಮ ಕಡೆ ಇನ್ನೂ ಮಳೆಗೆ ನೆಂದು ಭಾರ ಆಗಿರೋ ಬಾಲಲ್ಲಿ ಹಣೆ ಕೊಡ್ಲಾ ಹಣೆ ಕೊಡ್ಲಾ ಅಂತ ಕೂಗೋರು ಇದ್ದಾರೆ.

ವಯಸ್ಸಿನ ವಿಚಾರಕ್ಕೆ ಬಂದ್ರೆ ಇವರು ಊರಲ್ಲಿ ಸ್ವಲ್ಪ ಜನಕ್ಕೆ ಬೇಡಾದೋರು. ಸುಬ್ರೊತೊ ಕಪ್ ಅಂತ ಇದೆಯಲ್ಲ, ಏರ್‌ಫೋರ್ಸ್‌ನೋರು 1960ರಿಂದ ನಡೆಸ್ತಾ ಬಂದಿರೋ ಸ್ಕೂಲ್ ಟೂರ್ನಮೆಂಟು, ಅದರ ಎಂಟ್ರಿ ಟೈಮಲ್ಲಿ ಬರ್ತ್ ಸರ್ಟಿಫಿಕೇಟು ಆಧಾರು ಎಲ್ಲಾ ನಮ್ಮಂಥ ಅಂಗಡಿಗಳಿಗೇ ಬರೋದು. ಒಬ್ಬರು ಬಂದು ತಾರೀಕು ಸ್ವಲ್ಪ ಅಡ್ಜಸ್ಟ್ ಮಾಡಿ ಪ್ರಿಂಟ್ ತೆಗೀರಿ ಅಂತ ಕೇಳಿದ್ರು, ನಾನು ಆಗಲ್ಲ ಅಂದೆ, ಕೋಚ್ ಸಾರ್ ಹತ್ರ ಹೋದ್ರೆ ಅವರು, ಟೂರ್ನಮೆಂಟಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಕಂಡುಹಿಡೀತಾರೆ ಅಣ್ಣ, ಅಲ್ಲಿ ಸಿಕ್ಕಿಬಿದ್ರೆ ನಿಮ್ಮ ಹುಡುಗನ ಜೊತೆ ಇಡೀ ಟೀಮ್ ಮನೆಗೆ ಬರುತ್ತೆ ಅಂತ ಹೇಳಿ ಕಳ್ಸಿದ್ರು. ಆ ಹುಡುಗ ಚೆನ್ನಾಗಿ ಆಡ್ತಿದ್ದ, ಇವನಿಲ್ದೆ ಟೀಮು ತಾಲ್ಲೂಕಲ್ಲೇ ಸೋತು ಬಂತು. ಸೋಲ್ಲಿ ಬಿಡಿ.

ನಂಗೆ ಬೇಜಾರಾಗೋದು ಸಂಬಳದ ವಿಷ್ಯಕ್ಕೆ. ಇಂಥಾ ಮನುಷ್ಯನಿಗೆ ಆ ಶಾಲೆಲಿ ಒಂದು ಹುದ್ದೆ ಇಲ್ಲ. ಅಟೆಂಡೆನ್ಸಲ್ಲಿ ಹೆಸರಿಲ್ಲ, ಸ್ಟಾಫ್ ರೂಮಲ್ಲಿ ಕುರ್ಚಿ ಇಲ್ಲ. ಹಳೇ ವಿದ್ಯಾರ್ಥಿಗಳು, ನಮ್ಮಂಥ ಅಂಗಡಿಯೋರು ಸೇರಿ ಕೈಲಾದ್ದು ಕೊಡ್ತೀವಿ, ಬೇಸಿಗೆ ರಜಕ್ಕೆ ಅದೂ ನಿಲ್ಲುತ್ತೆ, ಭಾನುವಾರ ಮೈಸೂರಿಗೆ ಹೋಗಿ ಪ್ರೈವೇಟ್ ಕ್ಯಾಂಪಲ್ಲಿ ಫೀಸ್ ಕಟ್ಟೋ ಮಕ್ಕಳಿಗೆ ಹೇಳ್ಕೊಟ್ಟು ಮನೆ ನಡೆಸ್ತಾ ಅವ್ರೆ. ಯಾಕೆ ಹಿಂಗೆ ಅಂದ್ರೆ, ಸರ್ಕಾರಿ ಹೈಸ್ಕೂಲಲ್ಲಿ ದೈಹಿಕ ಶಿಕ್ಷಕರಾಗಕ್ಕೆ ಡಿಗ್ರಿ ಬೇಕು, ಬಿಪಿಎಡ್ ಅನ್ನೋ ದೈಹಿಕ ಶಿಕ್ಷಣದ ಕೋರ್ಸ್ ಬೇಕು. ಇವರು ಹದಿನೇಳು ಹದಿನೆಂಟಕ್ಕೆ ಆಟಕ್ಕೆ ಹೋದೋರು, ಡಿಗ್ರಿ ಎಲ್ಲಿಂದ ತರ್ತಾರೆ? ಅವರ ಹತ್ರ ಇರೋದು ಕೋಚಿಂಗ್ ಲೈಸೆನ್ಸು. ಅದೇನು ದುಡ್ಡು ಕೊಟ್ರೆ ಸಿಗೋ ಸರ್ಟಿಫಿಕೇಟಲ್ಲ, ಮೊದಲು ನಮ್ಮ ದೇಶದ ಫುಟ್ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್, ಆಮೇಲೆ ಏಷ್ಯಾ ಒಕ್ಕೂಟದ ಸಿ, ಬಿ, ಎ, ಪ್ರೊ ಅಂತ ಮೆಟ್ಲು ಮೆಟ್ಲಾಗಿ ಹೋಗ್ಬೇಕು, ಮೈದಾನದಲ್ಲಿ ಮಕ್ಕಳನ್ನ ನಿಲ್ಲಿಸಿ ಪಾಠ ಮಾಡಿ ತೋರಿಸಿ ಪಾಸಾಗ್ಬೇಕು. ಇವರದ್ದು ಸಿ ಆಗಿದೆ. ಐಎಸ್‌ಎಲ್ ಕ್ಲಬ್ಬು ನೋಡೋದು ಈ ಲೈಸೆನ್ಸನ್ನ, ನಮ್ಮ ಹೈಸ್ಕೂಲಿಗೆ ಮಾತ್ರ ಇದು ಕಾಗದದ ಚೂರು.

ಇಲ್ಲಿ ಪಿಟಿ ಮೇಷ್ಟ್ರುಗಳ ಮೇಲೆ ನಾನು ಬೆರಳು ತೋರಿಸ್ತಿದ್ದೀನಿ ಅಂತ ಯಾರೂ ತಿಳ್ಕೋಬೇಡಿ. ಅದೇ ಶಾಲೆ ಪಿಟಿ ಮೇಷ್ಟ್ರು ನಂಗೆ ಚೆನ್ನಾಗಿ ಗೊತ್ತು, ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್, ಓಟ, ಗುಂಡೆಸೆತ ಎಲ್ಲಕ್ಕೂ ಅವರೊಬ್ರೇ, ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಮಕ್ಕಳನ್ನ ಕಟ್ಕೊಂಡು ಓಡಾಡೋದೂ ಅವರೇ, ಮಧ್ಯದಲ್ಲಿ ಎಲೆಕ್ಷನ್ ಡ್ಯೂಟಿ, ಗಣತಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ. ಒಬ್ಬ ಮನುಷ್ಯ ಎಷ್ಟು ಅಂತ ಮಾಡ್ತಾನೆ. ಅವರೇ ನಮ್ಮ ಅಳಿಯಂದ್ರನ್ನ ಶಾಲೆ ಒಳಗೆ ಕರ್‍ಕೊಂಡು ಬಂದಿದ್ದು, ಫುಟ್ಬಾಲ್ ನಂಗೆ ಬರಲ್ಲ, ಬರೋರು ಬೀದಿಲೇ ಇದ್ದಾರೆ ಅಂತ. ಇಂಥಾ ಮಾತು ಹೇಳಕ್ಕೂ ದೊಡ್ಡ ಮನಸ್ಸು ಬೇಕು. ಪಿಟಿ ಮೇಷ್ಟ್ರ ಜಾಗಕ್ಕೆ ಆಟಗಾರರನ್ನ ಹಾಕಿ ಅಂತ ಅಲ್ಲ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ ಅಂತ ನಾನು ಕೇಳ್ತಿರೋದು.

ದುಡ್ಡೆಲ್ಲಿದೆ ಅಂತಾರೆ. 2020ರಲ್ಲಿ ಕೇಂದ್ರ ಕ್ರೀಡಾ ಇಲಾಖೆಯೋರು ದೇಶದಲ್ಲಿ 1,000 ಖೇಲೋ ಇಂಡಿಯಾ ಸೆಂಟರ್ ಮಾಡ್ತೀವಿ, ಹಳೇ ಚಾಂಪಿಯನ್‌ಗಳನ್ನೇ ಅಲ್ಲಿ ಕೋಚ್ ಮಾಡ್ತೀವಿ ಅಂತ ಹೇಳಿದ್ರು. ಯೋಚನೆ ಸರಿಯಾಗೇ ಇದೆ, ಆದ್ರೆ ಅದು ಜಿಲ್ಲೆ ಲೆಕ್ಕ. ಜಿಲ್ಲೆಗೊಂದು ಸೆಂಟರ್ ಇದ್ರೆ ಕೆ.ಆರ್. ಪೇಟೆ ಹುಡುಗ, ನಾಗಮಂಗಲದ ಹುಡುಗಿ ಸಂಜೆ ನಾಲ್ಕೂವರೆಗೆ ಬೆಲ್ ಹೊಡೆದ ಮೇಲೆ ಬಸ್ ಹಿಡಿದು ಮಂಡ್ಯಕ್ಕೆ ಬಂದು ಆಡಿ ವಾಪಸ್ ಹೋಗೋದು ಎಷ್ಟೊತ್ತಿಗೆ? ಮಕ್ಕಳು ಇರೋದು ಶಾಲೆಲಿ, ಕೋಚೂ ಅಲ್ಲೇ ಇರ್‍ಬೇಕು. ಶಿಕ್ಷಣ ಇಲಾಖೆ, ಕ್ರೀಡಾ ಇಲಾಖೆ ಎರಡೂ ಕೂತು ಮಾತಾಡಿ, ಲೈಸೆನ್ಸ್ ಇರೋ ಮಾಜಿ ಆಟಗಾರರನ್ನ ನಾಲ್ಕೈದು ಶಾಲೆಗೊಬ್ರು ಅಂತ ತಗೊಂಡು, ಅತಿಥಿ ಶಿಕ್ಷಕರಿಗೆ ಕೊಡೋ ಥರ ಆದ್ರೂ ಗೌರವಧನ ಕೊಟ್ರೆ ಶುರು ಮಾಡಬಹುದು. ಗೌರವಧನ ಅಂದ್ರೂ ತಿಂಗಳು ತಿಂಗಳು ಬರ್‍ಬೇಕು ಮತ್ತೆ, ಆರು ತಿಂಗಳಿಗೊಂದ್ಸಲ ಬಂದ್ರೆ ಅದು ಗೌರವಾನೂ ಅಲ್ಲ ಧನಾನೂ ಅಲ್ಲ. ಫುಟ್ಬಾಲೇ ಆಗ್ಬೇಕು ಅಂತಾನೂ ಇಲ್ಲ, ಹಾಕಿ ಆಡಿದೋರು, ಅಥ್ಲೆಟಿಕ್ಸಿನೋರು, ಕುಸ್ತಿ ಮಾಡಿದೋರು ಮೈಸೂರಲ್ಲಿ ಗರಡಿ ಗರಡಿಲಿ ಇದ್ದಾರೆ.

ನನ್ನ ತಂಗಿ ಮಗ ಅಮೆರಿಕದ ಡಲ್ಲಾಸಲ್ಲಿದ್ದಾನೆ. ಅಲ್ಲಿ ಫುಟ್ಬಾಲ್ ಅಂದ್ರೆ ಬೇರೆ ಆಟ, ಮೊಟ್ಟೆ ಥರ ಬಾಲನ್ನ ಕೈಲಿ ಹಿಡ್ಕೊಂಡು ಓಡೋದು, ಅದನ್ನ ಫುಟ್ಬಾಲ್ ಅಂತ ಯಾಕಂತಾರೋ ಅವರನ್ನೇ ಕೇಳ್ಬೇಕು. ಆದ್ರೆ ಹೈಸ್ಕೂಲ್ ಆಟಕ್ಕೆ ಅವರು ಕೊಡೋ ಬೆಲೆ ನೋಡಿ. ಅಲೆನ್ ಅಂತ ಡಲ್ಲಾಸ್ ಪಕ್ಕದ ಊರಲ್ಲಿ ಒಂದೇ ಹೈಸ್ಕೂಲಿಗೆ 18,000 ಜನ ಕೂರೋ ಸ್ಟೇಡಿಯಮ್ ಇದೆ, 2012ರಲ್ಲಿ ಸುಮಾರು 6 ಕೋಟಿ ಡಾಲರ್ ಸುರಿದು ಕಟ್ಟಿದ್ದು, ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಬಾಗಿಲು ಮುಚ್ಚಿ ರಿಪೇರಿ ಮಾಡಿದ್ರು, ಅಷ್ಟರಮಟ್ಟಿಗೆ ನಮ್ಮೂರೇ. ಅಲಬಾಮಾ ಅನ್ನೋ ರಾಜ್ಯದಲ್ಲಿ ಫಿಲಿಪ್ ರಿವರ್ಸ್ ಅಂತ ಒಬ್ಬ, ಅವರ ಆ ಆಟದ ದೊಡ್ಡ ಲೀಗು ಎನ್‌ಎಫ್‌ಎಲ್‌ನಲ್ಲಿ 17 ಸೀಸನ್ ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ಆಟ ನಡೆಸೋನಾಗಿ ಆಡಿದೋನು, ದುಡ್ಡಿಗೇನೂ ಕಮ್ಮಿ ಇಲ್ಲ, 2021ರಲ್ಲಿ ರಿಟೈರ್ ಆಗಿ ಸೀದಾ ಹೋಗಿದ್ದು ಒಂದು ಹೈಸ್ಕೂಲಿಗೆ ಹೆಡ್ ಕೋಚ್ ಆಗಿ. ರಿಟೈರ್ ಆಗೋ ಮುಂಚೆನೇ ಆ ಕೆಲಸ ಮಾತಾಡಿಟ್ಕೊಂಡಿದ್ದ. ತಮಾಷೆ ಏನಂದ್ರೆ 2025ರ ಡಿಸೆಂಬರಲ್ಲಿ ಹಳೇ ಟೀಮಿನ ಆಟಗಾರರಿಗೆ ಪೆಟ್ಟಾಗಿ ಯಾರೂ ಇಲ್ಲ ಅಂತಾದಾಗ, 44ನೇ ವಯಸ್ಸಲ್ಲಿ ಆ ಹೈಸ್ಕೂಲ್ ಕೋಚನ್ನೇ ವಾಪಸ್ ಕರೆಸಿ ಆಡಿಸಿದ್ರು. ಅಲ್ಲಿ ಯಾರಾದ್ರೂ ಪೇಪರಿಗೆ ಅಯ್ಯೋ ಪಾಪ ರಿವರ್ಸ್ ಹೈಸ್ಕೂಲ್ ಸೇರ್‍ಕೊಂಡ ಅಂತ ಬರೀತಾರಾ? ಊರೋರು ಹೆಮ್ಮೆ ಪಡ್ತಾರೆ. 6 ಕೋಟಿ ಡಾಲರ್ ನಮಗೆ ಬೇಡ, ಕೋಚಿಗೆ ಒಂದು ಹುದ್ದೆ ಅಂತ ಇಟ್ಟಿದ್ದಾರಲ್ಲ, ಅದು ಸಾಕು.

ತಂದೆ ತಾಯಿಗಳಿಗೂ ಒಂದ್ಮಾತು. ಒಂಬತ್ತನೇ ಕ್ಲಾಸ್ ಪರೀಕ್ಷೆ ಮುಗಿದ ತಕ್ಷಣ ಎಸ್ಸೆಸ್ಸೆಲ್ಸಿ ಅಂತ ಹೇಳಿ ಟೀಮಿಂದ ಮಕ್ಕಳನ್ನ ಎಳ್ಕೊಂಡು ಹೋಗ್ತೀರ, ಎರಡು ವರ್ಷ ಕಟ್ಟಿದ ಟೀಮು ಒಂದ್ ವಾರದಲ್ಲಿ ಖಾಲಿ. ಹುಡುಗಿಯರದ್ದು ಇನ್ನೂ ಬೇಗ, ದೊಡ್ಡೋಳಾದ್ಲು ಅಂದ್ರೆ ಮುಗೀತು, ಚಡ್ಡಿ ಹಾಕ್ಕೊಂಡು ಓಡೋದು ಚೆನ್ನಾಗಿರಲ್ಲ ಅಂತ ಅಜ್ಜಿ ಅಂದ್ರು ಅಂತ. ಅದಕ್ಕೆ ಕೋಚ್ ಸಾರ್ ಹೆಂಡ್ತಿ, ನಮ್ಮೂರ ಹುಡುಗಿನೇ ಆಗಿದ್ರಿಂದ, ಮನೆ ಮನೆಗೆ ಹೋಗಿ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡೇ ಆಡ್ಲಿ ಅತ್ತೆ, ಸಂಜೆ ಆರು ಗಂಟೆಗೆ ನಾನೇ ತಂದು ಬಿಡ್ತೀನಿ ಅಂತ ಹೇಳಿ ನಾಲ್ಕೈದು ಹುಡುಗಿಯರನ್ನ ಉಳಿಸ್ಕೊಂಡವ್ರೆ. ಆ ಹುಲ್ಲಿನ ಮೇಲೆ ಬಿದ್ದ ಹುಡುಗಿನೂ ಅದರಲ್ಲಿ ಒಬ್ಳು. ಇವರಿಗೆ ಯಾರು ಸಂಬಳ ಕೊಡ್ತಾರೆ ಅಂತ ಕೇಳಿದ್ರೆ ನಕ್ಕುಬಿಟ್ರು.

ಕೊನೇದಾಗಿ ಮೈದಾನ. ಫುಲ್ ಫೀಲ್ಡು ಅಂದ್ರೆ ಉದ್ದ ಸುಮಾರು ನೂರು ಮೀಟರ್ ಬೇಕು, ನಮ್ಮದು ಅದರ ಅರ್ಧ ಇಲ್ಲ, ಪರವಾಗಿಲ್ಲ, ಏಳೇಳು ಜನ ಆಡ್ತಾರೆ, ಗಳ ನೆಟ್ಟು ಗೋಲ್ ಮಾಡ್ಕೊಂಡವ್ರೆ. ಆದ್ರೆ ಆ ಅರ್ಧ ಮೈದಾನದಲ್ಲೇ ಮದುವೆ ಊಟದ ಶಾಮಿಯಾನ, ಪಾರ್ಟಿಗಳ ಸಮಾವೇಶ, ಆರ್ಕೆಸ್ಟ್ರಾ, ಎಲ್ಲಾ. ಗೂಟ ಹೊಡೀತಾರೆ, ಮುಗಿದ ಮೇಲೆ ಗೂಟ ಕಿತ್ಕೊಂಡು ಹೋಗ್ತಾರೆ, ಗುಂಡಿ ಬಿಟ್ಟು ಹೋಗ್ತಾರೆ. ಮಳೆ ಬಂದಾಗ ನೀರು ತುಂಬಿ ಗುಂಡಿ ಕಾಣಲ್ಲ, ಓಡ್ತಾ ಓಡ್ತಾ ಕಾಲು ಹೋದ್ರೆ ಪಾದದ ಗಂಟು ಅಲ್ಲೇ ತಿರುಚ್ಕೊಳ್ಳುತ್ತೆ. ಪ್ರತಿ ಫಂಕ್ಷನ್ ಆದ ಮಾರನೇ ಬೆಳಗ್ಗೆ ಕೋಚ್ ಸಾರ್ ಹಾರೆ ಬಾಂಡ್ಲಿ ತಗೊಂಡು ಮಕ್ಕಳು ಬರೋ ಮುಂಚೆ ಗುಂಡಿ ಮುಚ್ತಾ ಇರ್‍ತಾರೆ, ಬಿರಿಯಾನಿ ಮೂಳೆ, ಮೊಳೆ, ಬಾಟ್ಲಿ ಚೂರು ಆಯ್ತಾ ಇರ್‍ತಾರೆ. ಹುದ್ದೆ ಕೊಡೋದು ಬೆಂಗಳೂರಲ್ಲಿ ಕೂತಿರೋರ ಕೈಲಿದೆ, ಟೈಮ್ ಹಿಡಿಯುತ್ತೆ, ಗೊತ್ತು. ಗುಂಡಿ ಮುಚ್ಚಿಸೋದು ನಮ್ಮೂರೋರ ಕೈಲೇ ಇದೆ. ಮೈದಾನ ಬಾಡಿಗೆಗೆ ಕೊಡುವಾಗ ಡೆಪಾಸಿಟ್ ಅಂತ ಒಂದಿಷ್ಟು ದುಡ್ಡು ಇಟ್ಕೊಳ್ಳಿ, ಗುಂಡಿ ಮುಚ್ಚಿ ಕಸ ಎತ್ತಿದ್ರೆ ವಾಪಸ್ ಕೊಡಿ, ಇಲ್ಲಾಂದ್ರೆ ಆ ದುಡ್ಡಲ್ಲಿ ಎರಡು ಟ್ರ್ಯಾಕ್ಟರ್ ಲೋಡ್ ಮಣ್ಣು ಹೊಡೆಸಿ. ಬರೋ ಭಾನುವಾರ ಇನ್ನೊಂದು ಸಮಾವೇಶ ಇದೆಯಂತೆ, ಫ್ಲೆಕ್ಸ್ ಆಗ್ಲೇ ಕಟ್ಟವ್ರೆ, ಈ ಪತ್ರ ಅಷ್ಟರೊಳಗೆ ಹಾಕಿದ್ರೆ ಉಪಕಾರ ಆಗುತ್ತೆ.

ಇಂತಿ,
ಮೈದಾನದ ಎದುರು ಅಂಗಡಿಯವ, ಮಂಡ್ಯ